ಎಳೆಗೂಸಿಗೆ ನೆಗಡಿಯಾದಾಗ: ಸಮಾಧಾನ ಹೇಗೆ, ಆಸ್ಪತ್ರೆಗೆ ಯಾವಾಗ?



ಮಾರ್ಗಶಿರ, ಪುಷ್ಯ ಬಂತೆಂದರೆ ಕಳಲೆ, ನಂಜನಗೂಡು, ತಿ. ನರಸೀಪುರದ ನಮ್ಮ ಊರುಗಳಲ್ಲಿ ಹಾಲು ಕರೆಯುವ ಹೊತ್ತಿಗೆ ಮಂಜು, ಚಳಿ ಎರಡೂ ಇರುತ್ತವೆ. ಕೊಟ್ಟಿಗೆಯಲ್ಲಿ ಕರು ಕೆಮ್ಮುತ್ತದೆ, ಮನೆಯೊಳಗೆ ಕೂಸು ಸೀನುತ್ತದೆ. ಕರುವಿಗೆ ಔಷಧಿ ಕೇಳಲು ಫೋನ್ ಮಾಡುವ ತಾಯಂದಿರು "ಡಾಕ್ಟ್ರೇ, ಮಗೂಗೂ ಮೂಗು ಕಟ್ಟಿದೆ, ರಾತ್ರಿಯೆಲ್ಲಾ ಅಳ್ತದೆ" ಎಂದು ಸೇರಿಸುವುದುಂಟು. ನಾವು ಪಶುವೈದ್ಯರು ಮಕ್ಕಳಿಗೆ ಔಷಧಿ ಬರೆಯುವಂತಿಲ್ಲ. ಆದರೆ ಮನೆಯಲ್ಲಿ ಮಾಡಬೇಕಾದ ಆರೈಕೆ ಏನು, ಅಪಾಯ ಗುರುತಿಸುವುದು ಹೇಗೆ ಎಂದು ಆರೋಗ್ಯ ಇಲಾಖೆ ಆಶಾ ಕಾರ್ಯಕರ್ತೆಯರ ಮೂಲಕ ಹೇಳುತ್ತಲೇ ಇದೆ. ಕರು ಸಾಕಿ ಗೊತ್ತಿರುವ ನಿಮಗೆ ಅದು ಕಷ್ಟದ ಕೆಲಸವಲ್ಲ.

ಕೂಸು ಅಳುವುದೇಕೆ?

ಎಳೆಗೂಸು ಹೆಚ್ಚಾಗಿ ಮೂಗಿನಿಂದಲೇ ಉಸಿರಾಡುತ್ತದೆ. ಮೂಗು ಕಟ್ಟಿದರೆ ಮೊಲೆ ಚೀಪುತ್ತಾ ಉಸಿರಾಡಲು ಆಗುವುದಿಲ್ಲ. ನಾಲ್ಕು ಗುಟುಕು ಕುಡಿಯುತ್ತದೆ, ಉಸಿರಿಗಾಗಿ ಬಾಯಿ ಬಿಡುತ್ತದೆ, ಹೊಟ್ಟೆ ತುಂಬದೆ ಅಳುತ್ತದೆ. ಅತ್ತಷ್ಟೂ ಮೂಗು ಇನ್ನೂ ಕಟ್ಟುತ್ತದೆ. ಅಂದರೆ ಅಳುವಿಗೆ ಬಹಳ ಸಲ ಹಸಿವೇ ಕಾರಣ. ಮೊದಲು ಮೂಗು ಬಿಡಿಸಿ, ಆಮೇಲೆ ಹಾಲು ಕೊಡಿ, ಆಮೇಲೆ ತಟ್ಟಿ ಮಲಗಿಸಿ. ಈ ಕ್ರಮ ಹಿಡಿದರೆ ಅರ್ಧ ಅಳು ಅಲ್ಲಿಗೇ ನಿಲ್ಲುತ್ತದೆ.

ನೆಗಡಿ ಬರುವುದು ವೈರಸ್‌ನಿಂದ, ಅದೂ ಮನೆಯವರ ಸೀನು, ಕೆಮ್ಮು, ಕೈಗಳ ಮೂಲಕ. ಬಾಣಂತಿ ಮೊಸರು ತಿಂದಳು, ಹಾಲು ಕುಡಿದಳು ಎಂದು ಕೂಸಿಗೆ ನೆಗಡಿಯಾಗುವುದಿಲ್ಲ. ದಿನಾ ಡೈರಿಗೆ ಹಾಲು ಹಾಕುವ ಮನೆಯಲ್ಲೇ ಬಾಣಂತಿಗೆ ಒಂದು ಬಟ್ಟಲು ಮೊಸರು ಬೇಡವೆನ್ನುವುದು ಸರಿಯಲ್ಲ.

ಸಮಾಧಾನ ಮಾಡುವ ಕ್ರಮ

1. ಔಷಧಿ ಅಂಗಡಿಯಲ್ಲಿ ಮಕ್ಕಳ ಮೂಗಿಗೆ ಹಾಕುವ ಸಲೈನ್ ಹನಿ ಸಿಗುತ್ತದೆ. ಅದು ಬರೀ ಉಪ್ಪುನೀರು. "ಬರೀ ಸಲೈನ್ ಕೊಡಿ" ಎಂದೇ ಕೇಳಿ. ಮೂಗು ಬಿಡಿಸಲು ದೊಡ್ಡವರು ಹಾಕಿಕೊಳ್ಳುವ ಔಷಧಿಯ ಹನಿ ಕೂಸಿಗೆ ಬೇಡ. ಹಾಲು ಕೊಡುವ ಹತ್ತು ಹದಿನೈದು ನಿಮಿಷ ಮೊದಲು ಒಂದೊಂದು ಹೊಳ್ಳೆಗೆ ಒಂದೆರಡು ಹನಿ ಹಾಕಿ. ಸಿಂಬಳ ಮೆತ್ತಗಾದ ಮೇಲೆ, ಒಗೆದ ಮೆತ್ತನೆ ಹತ್ತಿ ಬಟ್ಟೆಯನ್ನು ಬತ್ತಿಯಂತೆ ಹೊಸೆದು ಹೊಳ್ಳೆಯ ಬಾಯಲ್ಲಷ್ಟೇ ಒರೆಸಿ. ಒಳಗೆ ತೂರಿಸಬೇಡಿ.

2. ಒಂದೇ ಸಲ ಹೊಟ್ಟೆ ತುಂಬಾ ಕುಡಿಸಲು ನೋಡಬೇಡಿ. ಸ್ವಲ್ಪ ಸ್ವಲ್ಪ, ಹೆಚ್ಚು ಸಲ ಕೊಡಿ. ತಲೆ ಮೇಲಾಗಿರುವಂತೆ ಎತ್ತಿ ಹಿಡಿದು ಕುಡಿಸಿ. ಮೊಲೆ ಹಿಡಿಯಲು ಆಗದಿದ್ದರೆ ಎದೆಹಾಲನ್ನೇ ಹಿಂಡಿ, ಕುದಿಸಿ ತೊಳೆದ ಒಳಲೆ ಅಥವಾ ಚಮಚದಲ್ಲಿ ಗುಟುಕು ಗುಟುಕಾಗಿ ಕೊಡಿ.

3. ಕುಡಿದ ಮೇಲೆ ಹೆಗಲ ಮೇಲೆ ನೆಟ್ಟಗೆ ಹಾಕಿಕೊಂಡು ಬೆನ್ನು ಸವರಿ. ಬಟ್ಟೆ ಬಿಚ್ಚಿದ ಕೂಸನ್ನು ನಿಮ್ಮ ಎದೆಗೆ ಅವಚಿ, ಮೇಲೆ ಸೆರಗು ಹೊದಿಸಿ ಕುಳಿತರೆ ಬೆಚ್ಚಗೂ ಇರುತ್ತದೆ, ಬೇಗ ಸುಮ್ಮನೂ ಆಗುತ್ತದೆ. ಅಜ್ಜಿ, ಅಪ್ಪ ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಜೋಗುಳಕ್ಕೂ ಅಷ್ಟೇ, ಯಾರ ದನಿಯಾದರೂ ಸರಿ.

4. ಅಂಗಾತ ಮಲಗಿಸಿ, ದಿಂಬು ಬೇಡ. ಸೀರೆ ತೊಟ್ಟಿಲಲ್ಲಿ ಕೂಸಿನ ಗದ್ದ ಎದೆಗೆ ಒತ್ತಿಕೊಳ್ಳುವಂತಿದ್ದರೆ ಉಸಿರು ಇನ್ನೂ ಕಷ್ಟ. ಅಂಥ ದಿನ ಚಾಪೆಯ ಮೇಲೆ ಗಟ್ಟಿ ಹಾಸಿಗೆಯೇ ಮೇಲು.

5. ನಿಮಗೇ ನೆಗಡಿಯಾಗಿದ್ದರೂ ಎದೆಹಾಲು ನಿಲ್ಲಿಸಬೇಡಿ. ಮೂಗು, ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಕೊಟ್ಟಿಗೆಯಿಂದ ಬಂದವರು ಸೋಪಿನಲ್ಲಿ ಕೈ ತೊಳೆದೇ ಕೂಸನ್ನು ಮುಟ್ಟಬೇಕು.

ನೆಗಡಿ ಸಾಮಾನ್ಯವಾಗಿ ವಾರ, ಹತ್ತು ದಿನದಲ್ಲಿ ತಾನೇ ಇಳಿಯುತ್ತದೆ. ಕೆಮ್ಮು ಎರಡು ವಾರ ಉಳಿಯಬಹುದು. ಸಿಂಬಳ ಹಳದಿಯಾಯಿತೆಂದ ಮಾತ್ರಕ್ಕೆ ಆಂಟಿಬಯೋಟಿಕ್ ಬೇಕಿಲ್ಲ.

ಗೊಟ್ಟದ ಪಾಠ ನೆನಪಿರಲಿ

ದನಕ್ಕೆ ಗೊಟ್ಟದಲ್ಲಿ ಎಣ್ಣೆ, ಔಷಧಿ ಕುಡಿಸುವಾಗ ನಾಲಿಗೆ ಎಳೆದು ಹಿಡಿಯಬೇಡಿ, ತಲೆ ತೀರಾ ಮೇಲೆತ್ತಬೇಡಿ ಎಂದು ನಾವು ಏಕೆ ಹೇಳುತ್ತೇವೆ? ನೆತ್ತಿಗೆ ಹತ್ತಿ ಔಷಧಿ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯ ಆಗುತ್ತದೆ. ಅಂಥ ಹಸು ಉಳಿಯುವುದೇ ಕಷ್ಟ. ಕೂಸಿಗೂ ಇದೇ ನಿಯಮ. ಮೂಗಿಗೆ, ಕಿವಿಗೆ ಎಣ್ಣೆ ಬಿಡುವುದು, ಮೂಗು ಹಿಡಿದು ಒಳಲೆಯಲ್ಲಿ ಕಷಾಯ ಸುರಿಯುವುದು, ಅಳುವಾಗ ಬಾಯಿಗೆ ಏನನ್ನಾದರೂ ಹಾಕುವುದು ಬೇಡವೇ ಬೇಡ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶ ಸೇರಿದರೆ ಕರಗಿ ಹೋಗುವುದಿಲ್ಲ.

ಇನ್ನೂ ಕೆಲವನ್ನು ದೂರ ಇಡಿ:

• ಕರ್ಪೂರ ಕರಗಿಸಿದ ಕೊಬ್ಬರಿ ಎಣ್ಣೆ, ನೋವಿನ ಮುಲಾಮು. ಕರ್ಪೂರ ಮೈಗೆ ಇಳಿದರೆ ಎಳೆಮಕ್ಕಳಿಗೆ ಫಿಟ್ಸ್ ಬರಬಹುದು. ಕೆಚ್ಚಲಿಗೆ ಹಚ್ಚುವ ಮುಲಾಮನ್ನಂತೂ ಕೂಸಿಗೆ ಮುಟ್ಟಿಸಲೇಬೇಡಿ.

• ಸಾಂಬ್ರಾಣಿ, ಬೇವಿನ ಸೊಪ್ಪಿನ ಹೊಗೆ, ಸೌದೆ ಒಲೆಯ ಹೊಗೆ, ಬೀಡಿ. ಕೂಸಿನ ಉಸಿರುನಾಳ ಬಹಳ ಸಣ್ಣದು, ಹೊಗೆಗೆ ಇನ್ನಷ್ಟು ಊದಿಕೊಳ್ಳುತ್ತದೆ. ನೀರು ಹಾಕಿದ ಮೇಲೆ ಹೊಗೆ ಹಾಕುವ ಬದಲು ಒಣ ಬಟ್ಟೆಯಲ್ಲಿ ಒರೆಸಿ ಬೆಚ್ಚಗೆ ಸುತ್ತಿ. ನೆಗಡಿಯಿರುವಾಗ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಮೈ ಒರೆಸಿದರೂ ಸಾಕು.

• ಜೇನುತುಪ್ಪ. ಒಂದು ವರ್ಷ ತುಂಬುವವರೆಗೆ ನಾಲಿಗೆಗೆ ನೆಕ್ಕಿಸುವುದೂ ಬೇಡ. ಅದರಲ್ಲಿರಬಹುದಾದ ರೋಗಾಣು ಎಳೆಗೂಸಿನ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡಬಲ್ಲದು. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ದೊಡ್ಡಪತ್ರೆ ರಸ, ನೀರು, ನಮ್ಮ ಮನೆಯ ಹಸುವಿನ ಹಾಲು ಯಾವುದೂ ಬೇಡ.

• ಕೆಮ್ಮಿನ ಸಿರಪ್. 2025ರಲ್ಲಿ ಮಧ್ಯಪ್ರದೇಶದಲ್ಲಿ ವಿಷ ಬೆರೆತ ಸಿರಪ್ ಕುಡಿದ ಮಕ್ಕಳು ಮೂತ್ರಪಿಂಡ ಕೆಟ್ಟು ತೀರಿಕೊಂಡರು. ಆ ಅಕ್ಟೋಬರ್‌ನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವು ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು, ನೆಗಡಿಯ ಔಷಧಿ ಕೊಡಬಾರದೆಂದು ಎಲ್ಲ ರಾಜ್ಯಗಳಿಗೂ ತಿಳಿಸಿತು. ದೊಡ್ಡ ಮಗುವಿಗೆ ತಂದು ಉಳಿದ ಬಾಟಲಿಯನ್ನು ಚಿಕ್ಕದಕ್ಕೆ ಕೊಡಬೇಡಿ.

ಉಸಿರು ಎಣಿಸಿ

ನೆಗಡಿ ಎದೆಗಿಳಿದು ನ್ಯುಮೋನಿಯ ಆದರೆ ಕೂಸಿನ ಜೀವಕ್ಕೇ ಅಪಾಯ. ಐದು ವರ್ಷದೊಳಗಿನ ಮಕ್ಕಳ ಸಾವಿಗೆ ನ್ಯುಮೋನಿಯ ಇಂದಿಗೂ ಒಂದು ದೊಡ್ಡ ಕಾರಣ. ಅದಕ್ಕೆಂದೇ 2019ರಲ್ಲಿ ಕೇಂದ್ರ ಸರ್ಕಾರ 'ಸಾನ್ಸ್' ಅಭಿಯಾನ ಶುರುಮಾಡಿತು. ಅದನ್ನು ಬೇಗ ಹಿಡಿಯುವ ಉಪಾಯ ನಿಮಗೆ ಗೊತ್ತಿರುವುದೇ. ಹಸು ಮಂಕಾದಾಗ ಅದರ ಪಕ್ಕೆ ನೋಡಿ ಉಸಿರು ಎಣಿಸುವಂತೆ, ಕೂಸಿನದನ್ನೂ ಎಣಿಸಿ.

ಕೂಸು ನಿದ್ದೆಯಲ್ಲಿರುವಾಗ ಅಥವಾ ಸುಮ್ಮನಿರುವಾಗ ಅಂಗಿ ಮೇಲೆತ್ತಿ ಹೊಟ್ಟೆ ನೋಡಿ. ಒಮ್ಮೆ ಏರಿ ಇಳಿದರೆ ಒಂದು ಉಸಿರು. ಮೊಬೈಲ್ ಗಡಿಯಾರ ಇಟ್ಟುಕೊಂಡು ಪೂರಾ ಒಂದು ನಿಮಿಷ ಎಣಿಸಿ.

• 2 ತಿಂಗಳೊಳಗೆ: ನಿಮಿಷಕ್ಕೆ 60 ಅಥವಾ ಹೆಚ್ಚು ಇದ್ದರೆ ಮತ್ತೊಮ್ಮೆ ಎಣಿಸಿ. ಆಗಲೂ ಅಷ್ಟೇ ಇದ್ದರೆ ಅಪಾಯ.
• 2 ತಿಂಗಳಿಂದ 1 ವರ್ಷದೊಳಗೆ: 50 ಅಥವಾ ಹೆಚ್ಚು ಇದ್ದರೆ ಅಪಾಯ.
• 1 ವರ್ಷದಿಂದ 5 ವರ್ಷದೊಳಗೆ: 40 ಅಥವಾ ಹೆಚ್ಚು ಇದ್ದರೆ ಅಪಾಯ.

ತಡ ಮಾಡದೆ ಹೊರಡಿ

ಉಸಿರು ಈ ಲೆಕ್ಕ ದಾಟಿದರೆ, ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆದುಕೊಂಡರೆ, ನರಳುವ ಸದ್ದು ಬಂದರೆ, ತುಟಿ ನೀಲಿಯಾದರೆ, ಹಾಲು ಕುಡಿಯುವುದನ್ನೇ ಬಿಟ್ಟರೆ, ಕುಡಿದದ್ದೆಲ್ಲ ವಾಂತಿಯಾದರೆ, ಎಬ್ಬಿಸಿದರೂ ಏಳದಷ್ಟು ಮಂಕಾದರೆ, ಫಿಟ್ಸ್ ಬಂದರೆ ಕೂಡಲೇ ಆಸ್ಪತ್ರೆಗೆ ಹೊರಡಿ. ಎರಡು ತಿಂಗಳೊಳಗಿನ ಕೂಸಿಗೆ ಮೈ ಬಿಸಿಯಾದರೂ, ಮುಟ್ಟಿದರೆ ತಣ್ಣಗಿದ್ದರೂ ಕಾಯಬೇಡಿ. ಅಷ್ಟು ಎಳೆಯ ಕೂಸಿಗೆ ಬರೀ ನೆಗಡಿಯಾದರೂ ಒಮ್ಮೆ ವೈದ್ಯರಿಗೆ ತೋರಿಸುವುದು ಒಳ್ಳೆಯದು.

ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ, ನಂಜನಗೂಡು ಅಥವಾ ತಿ. ನರಸೀಪುರದ ತಾಲ್ಲೂಕು ಆಸ್ಪತ್ರೆ, ಹೆಚ್ಚಿನ ಚಿಕಿತ್ಸೆಗೆ ಮೈಸೂರಿನ ಚೆಲುವಾಂಬ ಆಸ್ಪತ್ರೆ ಇವೆ. ವಾಹನಕ್ಕೆ 108ಕ್ಕೆ ಕರೆ ಮಾಡಿ. ದಾರಿಯುದ್ದಕ್ಕೂ ಕೂಸು ನಿಮ್ಮ ಎದೆಗೆ ಅಂಟಿಕೊಂಡು ಬೆಚ್ಚಗಿರಲಿ.

ನ್ಯುಮೋನಿಯ ತಡೆಯುವ ಪಿಸಿವಿ ಲಸಿಕೆ 6 ವಾರ, 14 ವಾರ ಮತ್ತು 9 ತಿಂಗಳಿಗೆ ಸರ್ಕಾರದಿಂದ ಉಚಿತವಾಗಿ ಸಿಗುತ್ತದೆ. ಕಾಲುಬಾಯಿ ಜ್ವರದ ಲಸಿಕೆ ದಿನ ಹಸುವನ್ನು ಕಟ್ಟಿ ಕಾಯುವ ನೀವು ಕೂಸಿನ ತಾಯಿ ಕಾರ್ಡನ್ನೂ ಇವತ್ತೇ ತೆಗೆದು ನೋಡಿ.

ಕೊನೆಯದಾಗಿ ಮನೆಯವರಿಗೊಂದು ಮಾತು. "ಹಾಲು ಕರೆದು ಡೈರಿಗೆ ಹಾಕಿ ಆಮೇಲೆ ಹೋಗೋಣ" ಎಂದು ಕೂಸನ್ನು ಕಾಯಿಸಬೇಡಿ. ತಾಯಿ ಕೂಸನ್ನೆತ್ತಿಕೊಂಡು ಹೊರಡಲಿ, ಹಾಲನ್ನು ಮನೆಯ ಗಂಡಸರು ಕರೆಯಲಿ, ಅಕ್ಕಪಕ್ಕದ ಸದಸ್ಯೆಯರು ಕೈಜೋಡಿಸಲಿ. ಒಂದು ಹೊತ್ತಿನ ಹಾಲು ತಪ್ಪಿದರೆ ನಾಳೆ ಹಾಕಬಹುದು.

– ಪಶುವೈದ್ಯಾಧಿಕಾರಿ, ನಂಜನಗೂಡು