ಚೆಂಡು ಅನ್ನ ಕೊಡುವುದೇ? – ಒಂದು ಕಪ್ಪಿನ ಮೊದಲ ಮತ್ತು ಕೊನೆಯ ಅಂತಿಮ ಪಂದ್ಯ

ಮಳೆಗಾಲ ಹಿಂದೆ ಸರಿದು, ಕೊಯ್ಲು ಮುಗಿದ ಗದ್ದೆಗಳು ಒಣಗಿದವೆಂದರೆ ನಮ್ಮ ಕಾಸರಗೋಡಿನ ಸೀಮೆಯ ಸಂಜೆಗಳಿಗೆ ಹೊಸದೊಂದು ಕಳೆ ಬರುತ್ತದೆ. ಗದ್ದೆಯ ಎರಡು ತುದಿಗಳಲ್ಲಿ ಎರಡೆರಡು ಅಡಕೆಯ ಕಂಬಗಳನ್ನು ನೆಟ್ಟರೆ ಗೋಲು ಸಿದ್ಧ. ಏಳೇಳು ಮಂದಿಯ ಎರಡು ತಂಡಗಳಾದರೆ ಆಟವೂ ಸಿದ್ಧ. ದೀಪ ಹಚ್ಚುವ ಹೊತ್ತಾದರೂ ಮನೆಗೆ ಬಾರದ ಮಗನನ್ನರಸಿಕೊಂಡು ತಾಯಿ ಗದ್ದೆಯ ಹುಣಿಯ ಮೇಲೆ ಬಂದು ನಿಲ್ಲುತ್ತಾಳೆ, ಕೂಗಿ ಕೇಳುತ್ತಾಳೆ: “ಆ ಚೆಂಡು ನಿನಗೆ ನಾಳೆ ಅನ್ನ ಹಾಕುತ್ತದೆಯೇ ಮಗಾ?”

ನಕ್ಕು ತಳ್ಳಿಹಾಕುವ ಪ್ರಶ್ನೆ ಇದಲ್ಲ. ಹೆತ್ತವಳು ಕೇಳಲೇಬೇಕಾದ ಪ್ರಶ್ನೆ. ನಮ್ಮ ದೇಶದ ಒಂದು ಕಪ್ಪಿನ ಕಥೆಯನ್ನು ಹೇಳುವ ಮೂಲಕ ಈ ಪ್ರಶ್ನೆಗೆ ಉತ್ತರವನ್ನು ಹುಡುಕಬಹುದೆಂದು ನಮಗೆ ತೋರಿದೆ. ಅದು ಫೆಡರೇಶನ್ ಕಪ್. ಅದರ ಮೊದಲ ಅಂತಿಮ ಪಂದ್ಯ ನಡೆದದ್ದು 1977ರಲ್ಲಿ, ಕೊನೆಯದು 2017ರಲ್ಲಿ. ನಡುವೆ ಸರಿಯಾಗಿ ನಾಲ್ವತ್ತು ವರ್ಷಗಳು. ವಿಚಿತ್ರವೆಂದರೆ ಎರಡು ಸಲವೂ ಗೆದ್ದದ್ದು ಬೆಂಗಳೂರಿನ ತಂಡ, ಎರಡು ಸಲವೂ ಸೋತದ್ದು ಕಲಕತ್ತೆಯ ಮೋಹನ್ ಬಾಗಾನ್.

ಎರ್ನಾಕುಲಂನಲ್ಲಿ ಒಂದು ಗೋಲು

ಭಾರತದಲ್ಲಿ ಕಾಲ್ಚೆಂಡಿನ ಪಂದ್ಯಾವಳಿಗಳಿಗೆ ಎಂದೂ ಬರವಿರಲಿಲ್ಲ. ಡ್ಯುರಾಂಡ್ ಕಪ್ 1888ರಲ್ಲಿ, ರೋವರ್ಸ್ ಕಪ್ 1891ರಲ್ಲಿ, ಐ.ಎಫ್.ಎ. ಶೀಲ್ಡ್ 1893ರಲ್ಲಿ ಆರಂಭವಾದವು. ರಾಜ್ಯ ರಾಜ್ಯಗಳ ನಡುವಣ ಸಂತೋಷ್ ಟ್ರೋಫಿ 1941ರಿಂದ ನಡೆದುಬಂದಿತ್ತು. ಆದರೆ ಅಖಿಲ ಭಾರತ ಫುಟ್ಬಾಲ್ ಫೆಡರೇಶನ್ ತಾನೇ ಮುಂದೆ ನಿಂತು, ದೇಶದ ಕ್ಲಬ್ಬುಗಳಲ್ಲಿ ಮೇಲಾದುದು ಯಾವುದೆಂದು ನಿರ್ಣಯಿಸುವ ಏರ್ಪಾಡು ಇರಲಿಲ್ಲ. ಆ ಕೊರತೆಯನ್ನು ತುಂಬಲು 1977ರಲ್ಲಿ ಹುಟ್ಟಿದುದೇ ಫೆಡರೇಶನ್ ಕಪ್. 1996ರಲ್ಲಿ ರಾಷ್ಟ್ರೀಯ ಲೀಗ್ ಆರಂಭವಾಗುವವರೆಗೂ ಕ್ಲಬ್ಬುಗಳ ಪಾಲಿಗೆ ಅದೇ ರಾಷ್ಟ್ರೀಯ ಕಿರೀಟವಾಗಿತ್ತು.

ಮೊದಲ ಅಂತಿಮ ಪಂದ್ಯಕ್ಕೆ ಎರ್ನಾಕುಲಂ ನೆಲೆಯಾಯಿತು. ಆ ಪಟ್ಟಣಕ್ಕೆ ಕಾಲ್ಚೆಂಡಿನ ಹುಚ್ಚು ಹೊಸತಲ್ಲ. 1973ರ ಡಿಸೆಂಬರಿನಲ್ಲಿ ಕೇರಳವು ಮೊತ್ತಮೊದಲ ಬಾರಿಗೆ ಸಂತೋಷ್ ಟ್ರೋಫಿಯನ್ನು ಗೆದ್ದದ್ದು ಅಲ್ಲಿಯೇ. ರೈಲ್ವೆ ತಂಡವನ್ನು 3–2ರಿಂದ ಮಣಿಸಿದ ಆ ದಿನ, ಮೂರು ಗೋಲುಗಳನ್ನೂ ಹೊಡೆದವರು ನಾಯಕ ಮಣಿ.

ಮೋಹನ್ ಬಾಗಾನ್ ಎಂತಹ ತಂಡವೆಂಬುದನ್ನು ಬಲ್ಲವರಿಗೆ ಹೇಳಬೇಕಾದುದಿಲ್ಲ. 1889ರಲ್ಲಿ ಸ್ಥಾಪನೆಗೊಂಡು, 1911ರಲ್ಲಿ ಇಂಗ್ಲಿಷರ ಈಸ್ಟ್ ಯಾರ್ಕ್‌ಶೈರ್ ಪಡೆಯನ್ನು 2–1ರಿಂದ ಸೋಲಿಸಿ ಐ.ಎಫ್.ಎ. ಶೀಲ್ಡನ್ನು ಗೆದ್ದು, ದೇಶಾಭಿಮಾನದ ಕಥೆಯಾಗಿಯೇ ಉಳಿದ ಸಂಸ್ಥೆ ಅದು. 1977 ಅದರ ಬಾಳಿನಲ್ಲಿ ಬಲು ದೊಡ್ಡ ವರ್ಷ. ಪಿ. ಕೆ. ಬ್ಯಾನರ್ಜಿ ಅವರ ತರಬೇತಿಯಲ್ಲಿ ಪಳಗಿದ ಆ ತಂಡ ಅದೇ ವರ್ಷ ಶೀಲ್ಡ್, ರೋವರ್ಸ್, ಡ್ಯುರಾಂಡ್ ಮೂರನ್ನೂ ಗೆದ್ದುಕೊಂಡಿತು. ಸೆಪ್ಟೆಂಬರ್ 24ರಂದು ಈಡನ್ ಗಾರ್ಡನ್ಸ್‌ನಲ್ಲಿ, ಪೆಲೆ ಆಡಿದ ನ್ಯೂಯಾರ್ಕಿನ ಕಾಸ್ಮಾಸ್ ತಂಡದೊಡನೆ 2–2ರ ಸಮಬಲ ಸಾಧಿಸಿತು.

ಪೆಲೆಯ ತಂಡಕ್ಕೂ ಸೋಲದ ಈ ಮಹಾತಂಡ ಎರ್ನಾಕುಲಂನ ಅಂತಿಮ ಪಂದ್ಯದಲ್ಲಿ ಸೋತಿತು. ಸೋಲಿಸಿದ್ದು ಬೆಂಗಳೂರಿನ ಐ.ಟಿ.ಐ., ಎಂದರೆ ಟೆಲಿಫೋನ್ ತಯಾರಿಸುವ ಕಾರ್ಖಾನೆಯ ತಂಡ! ಫಲಿತಾಂಶ 1–0. ಒಂದೇ ಗೋಲು, ಆದರೆ ಆ ಒಂದಕ್ಕೆ ಮೋಹನ್ ಬಾಗಾನ್ ಬಳಿ ಉತ್ತರವಿರಲಿಲ್ಲ.

ಅನ್ನದಾತ ಕಾರ್ಖಾನೆ

ಇದು ಅಕಸ್ಮಾತ್ ಒದಗಿದ ಗೆಲುವೆಂದು ಯಾರಾದರೂ ಎಂದರೆ ಅದು ತಪ್ಪು. ಮೈಸೂರು ತಂಡ 1946ರಿಂದ 1969ರೊಳಗೆ ನಾಲ್ಕು ಸಲ ಸಂತೋಷ್ ಟ್ರೋಫಿಯನ್ನು ಗೆದ್ದಿತ್ತು. ಬೆಂಗಳೂರಿನ ದಂಡು ಪ್ರದೇಶದ ಮೈದಾನಗಳಲ್ಲಿ ಬೆಳೆದ ಹುಡುಗರಿಗೆ ಚೆಂಡು ಹುಟ್ಟಿನಿಂದಲೇ ಪರಿಚಿತ. ಆದರೆ ಪ್ರತಿಭೆಯಿದ್ದರಷ್ಟೇ ಸಾಲದು. ಹೊಟ್ಟೆಯ ಪಾಡೂ ನಡೆಯಬೇಕು. ಆ ಭಾರವನ್ನು ಹೊತ್ತದ್ದು ಸಾರ್ವಜನಿಕ ರಂಗದ ಕಾರ್ಖಾನೆಗಳು.

ಐ.ಟಿ.ಐ. ಸ್ಥಾಪನೆಯಾದದ್ದು 1948ರಲ್ಲಿ, ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ದಿಮೆಯಾಗಿ. ಅದರ ಸುತ್ತ ಬೆಳೆದ ದೂರವಾಣಿನಗರವು ಊರೊಳಗೊಂದು ಊರು. ಬೆಂಗಳೂರಿನಲ್ಲಿ ಎಚ್.ಎ.ಎಲ್. ಮೊದಲಾದ ಇತರ ಸಂಸ್ಥೆಗಳೂ ತಂಡಗಳನ್ನು ಸಾಕಿದವು. ಇಂತಹ ತಂಡಗಳಲ್ಲಿ ಆಟಗಾರನು ಮೊದಲು ನೌಕರ, ಆಮೇಲೆ ಆಟಗಾರ. ಅವನ ಹೆಸರು ಹಾಜರಿ ಪುಸ್ತಕದಲ್ಲಿರುತ್ತಿತ್ತು. ತಿಂಗಳ ಕೊನೆಗೆ ಸಂಬಳ ಕೈಸೇರುತ್ತಿತ್ತು. ಮೊಣಕಾಲು ಕೈಕೊಟ್ಟರೆ ಆಟ ನಿಲ್ಲುತ್ತಿತ್ತೇ ಹೊರತು ಒಲೆಯ ಬೆಂಕಿ ಆರುತ್ತಿರಲಿಲ್ಲ. ನಿವೃತ್ತಿಯವರೆಗೆ ನೌಕರಿ ಇದ್ದೇ ಇತ್ತು. ಹೆಣ್ಣು ಕೊಡುವವರೂ ಹಿಂದೆಗೆಯುತ್ತಿರಲಿಲ್ಲ!

ನಮ್ಮ ಕೇರಳದಲ್ಲಿ ಇದೇ ಕೆಲಸವನ್ನು ಪೊಲೀಸ್ ಇಲಾಖೆ ಮಾಡಿತು. ತೃಶೂರಿನ ಮೈದಾನದಲ್ಲಿ ಸೋಡಾ ಮಾರುತ್ತಿದ್ದ ಬಡ ಹುಡುಗ ಐ. ಎಂ. ವಿಜಯನ್ ಅವರಿಗೆ ಖಾಕಿ ಉಡುಪನ್ನು ಕೊಟ್ಟು, ಮುಂದೆ ಇಡೀ ದೇಶ ಕೊಂಡಾಡುವ ಆಟಗಾರನನ್ನಾಗಿ ಬೆಳೆಸಿದ್ದು ಕೇರಳ ಪೊಲೀಸ್ ತಂಡ. ಕಣ್ಣೂರಿನ ವಿ. ಪಿ. ಸತ್ಯನ್ ಅವರೂ ಆ ತಂಡದವರೇ. 1990ರಲ್ಲಿ ತೃಶೂರಿನಲ್ಲಿ ಸಾಲ್ಗಾಂವ್‌ಕರ್ ತಂಡವನ್ನು 2–1ರಿಂದ, 1991ರಲ್ಲಿ ನಮ್ಮ ನೆರೆಯ ಕಣ್ಣೂರಿನಲ್ಲಿಯೇ ಮಹೀಂದ್ರ ತಂಡವನ್ನು 2–0ಯಿಂದ ಮಣಿಸಿ ಪೊಲೀಸರು ಫೆಡರೇಶನ್ ಕಪ್ಪನ್ನು ಎರಡು ಸಲ ಮನೆಗೆ ತಂದರು. ಆ ಕಾಲದ ತಾಯಂದಿರಿಗೆ ಮಕ್ಕಳು ಧೈರ್ಯವಾಗಿ ಹೇಳಬಹುದಿತ್ತು: “ಹೌದಮ್ಮಾ, ಚೆಂಡು ಅನ್ನ ಹಾಕುತ್ತದೆ.”

ಬದಲಾದ ಗಾಳಿ

ಆದರೆ ಆ 1991ರಲ್ಲಿಯೇ ದೇಶದ ಆರ್ಥಿಕ ನೀತಿಯ ಗಾಳಿ ಬೇರೆ ದಿಕ್ಕಿಗೆ ತಿರುಗಿತು. ದೂರವಾಣಿ ತಯಾರಿಕೆಯಲ್ಲಿ ಐ.ಟಿ.ಐ.ಗೆ ಇದ್ದ ಏಕಸ್ವಾಮ್ಯ ಹೋಯಿತು; ನಷ್ಟದ ವರ್ಷಗಳು ಬಂದವು. ಕಾರ್ಖಾನೆಯೇ ಉಳಿವಿಗಾಗಿ ಹೆಣಗುವಾಗ ಅದರ ಕಾಲ್ಚೆಂಡಿನ ತಂಡವನ್ನು ಯಾರು ನೋಡಿಯಾರು? ಎಚ್.ಎ.ಎಲ್. ತಂಡ ಮಾತ್ರ ಬಹುಕಾಲ ಸೆಣಸಿ, 2012ರಲ್ಲಿ ರಾಷ್ಟ್ರೀಯ ಲೀಗಿನ ಕೊನೆಯ ಸ್ಥಾನಕ್ಕಿಳಿದು ಹೊರಬಿದ್ದಿತು.

ಮರುವರ್ಷ, 2013ರಲ್ಲಿ, ಬೆಂಗಳೂರಿನಲ್ಲಿ ಹೊಸ ಬಗೆಯ ತಂಡವೊಂದು ಹುಟ್ಟಿತು: ಬೆಂಗಳೂರು ಎಫ್.ಸಿ. ಇದರ ಒಡೆತನವೂ ಉದ್ದಿಮೆಯದೇ, ತೋರಣಗಲ್ಲಿನಲ್ಲಿ ಉಕ್ಕು ಕರಗಿಸುವ ಜೆ.ಎಸ್.ಡಬ್ಲ್ಯು. ಬಳಗದ್ದು. ಆದರೆ ಇಲ್ಲಿ ಆಟಗಾರನಿಗೆ ಹಾಜರಿ ಪುಸ್ತಕವಿಲ್ಲ, ಕರಾರು ಪತ್ರವಿದೆ. ಆಟವೇ ಅವನ ಕೆಲಸ. ತಂಡವು ಮೊದಲ ವರ್ಷವೇ ರಾಷ್ಟ್ರೀಯ ಲೀಗನ್ನು ಗೆದ್ದಿತು. 2016ರಲ್ಲಿ ಏಷ್ಯಾದ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯದವರೆಗೂ ನಡೆಯಿತು.

ಕಟಕದ ಆ ರಾತ್ರಿ

2017ರ ಮೇ 21. ಒಡಿಶಾದ ಕಟಕ ನಗರದ ಬಾರಾಬತಿ ಮೈದಾನ. ಒಂದು ಕಡೆ ಹದಿನಾಲ್ಕು ಸಲ ಈ ಕಪ್ಪನ್ನು ಗೆದ್ದ ಮೋಹನ್ ಬಾಗಾನ್; ಇನ್ನೊಂದು ಕಡೆ ನಾಲ್ಕೇ ವರ್ಷ ಪ್ರಾಯದ ಬೆಂಗಳೂರು. ತೊಂಬತ್ತು ನಿಮಿಷ ಆಡಿದರೂ ಎರಡು ತಂಡಗಳಿಗೂ ಗೋಲಿಲ್ಲ. ಬೇಸಗೆಯ ಸೆಕೆಯಲ್ಲಿ ಇನ್ನೂ ಮೂವತ್ತು ನಿಮಿಷದ ಹೆಚ್ಚುವರಿ ಆಟ. ಕಾಲುಗಳು ಸೋತು, ಬುದ್ಧಿ ಮಾತ್ರ ಆಡುವ ಹೊತ್ತು ಅದು. 107ನೆಯ ನಿಮಿಷದಲ್ಲಿ ಬೆಂಗಳೂರಿನ ಸಿ. ಕೆ. ವಿನೀತ್ ಚೆಂಡನ್ನು ಬಲೆಗಟ್ಟಿದರು. ಬಾಗಾನ್ ಸಮಬಲಕ್ಕಾಗಿ ಪರದಾಡುತ್ತಿರುವಾಗ, 119ನೆಯ ನಿಮಿಷದಲ್ಲಿ ಮತ್ತೊಮ್ಮೆ ಅದೇ ವಿನೀತ್! 2–0. ಕಪ್ ಬೆಂಗಳೂರಿನ ಪಾಲಾಯಿತು. ಆ ಹೆಸರಿನ ಪಂದ್ಯಾವಳಿ ಮತ್ತೆ ನಡೆಯಲಿಲ್ಲ. 2018ರಲ್ಲಿ ಸೂಪರ್ ಕಪ್ ಅದರ ಸ್ಥಾನಕ್ಕೆ ಬಂತು.

ಈ ವಿನೀತ್ ಯಾರು? ನಮ್ಮ ಪಕ್ಕದ ಕಣ್ಣೂರಿನ ಹುಡುಗ. ಮೊದಲ ಕಪ್ಪನ್ನು ಬೆಂಗಳೂರಿನವರು ಮಲಯಾಳದ ಮಣ್ಣಿನಲ್ಲಿ ಗೆದ್ದರು. ಕೊನೆಯದನ್ನು ಮಲಯಾಳದ ಮಗನೊಬ್ಬ ಬೆಂಗಳೂರಿಗೆ ಗೆದ್ದುಕೊಟ್ಟ. ಗಡಿಯಲ್ಲಿ ಬಾಳುವ ನಮಗೆ ಇದನ್ನು ಕೇಳಿ ಸಂತೋಷವಾದರೆ ಅಚ್ಚರಿಯಿಲ್ಲ.

ಆದರೆ ಸಂತೋಷದ ಹಿಂದೆಯೇ ಒಂದು ಕಹಿಯೂ ಇದೆ. ಅದೇ ಮೇ ತಿಂಗಳಲ್ಲಿ ವಿನೀತ್ ತಮ್ಮ ನೌಕರಿಯನ್ನು ಕಳೆದುಕೊಂಡಿದ್ದರು. ಕ್ರೀಡಾಪಟುವೆಂದು ತಿರುವನಂತಪುರದ ಕೇಂದ್ರ ಸರಕಾರಿ ಕಚೇರಿಯಲ್ಲಿ ದೊರೆತಿದ್ದ ಕೆಲಸ ಅದು. ಹಾಜರಿ ಸಾಲದೆಂಬುದು ಕಾರಣ. ಹಾಜರಿ ಸಾಲದಿರಲು ಕಾರಣ ಆಟ! ಆಡಿದ್ದಕ್ಕಾಗಿ ಕೊಟ್ಟ ಕೆಲಸವು ಆಡಿದ್ದರಿಂದಲೇ ಹೋಯಿತು. ಬಳಿಕ ಕೇರಳ ಸರಕಾರ ಅವರಿಗೆ ಉದ್ಯೋಗ ಕೊಡಲು ಮುಂದಾಯಿತೆಂಬುದು ಸಮಾಧಾನದ ಸಂಗತಿ.

ತಾಯಿಗೆ ಏನು ಹೇಳೋಣ?

ಚೆಂಡು ಇಂದಿಗೂ ಅನ್ನ ಹಾಕುತ್ತದೆ. ಕೆಲವರಿಗೆ, ಹಿಂದಿನವರು ಕನಸಿನಲ್ಲಿಯೂ ಕಾಣದಷ್ಟು. ನಮ್ಮ ಜಿಲ್ಲೆಯ ತೃಕ್ಕರಿಪುರದ ಮುಹಮ್ಮದ್ ರಾಫಿ 2016ರ ಇಂಡಿಯನ್ ಸೂಪರ್ ಲೀಗಿನ ಅಂತಿಮ ಪಂದ್ಯದಲ್ಲಿ ಕೇರಳದ ಪರವಾಗಿ ಗೋಲು ಹೊಡೆದದ್ದನ್ನು ಕೊಚ್ಚಿಯಲ್ಲಿ ನೆರೆದ ಜನಸಾಗರ ಕಂಡಿದೆ. ಆದರೆ ಹಿಂದೆ ಕಾರ್ಖಾನೆ ಬಡಿಸಿದ್ದು ಜೀವಮಾನದ ಊಟ. ಇಂದಿನ ಕರಾರು ಬಡಿಸುವುದು ಕೆಲವೇ ವರ್ಷಗಳ ಹಬ್ಬದೂಟ. ಮೂವತ್ತೈದು ದಾಟಿದ ಮೇಲೆ ಎಲೆಯ ಮುಂದೆ ಕೂರಿಸುವವರು ಯಾರು ಎಂಬುದನ್ನು ಮನೆಯವರೇ ಮೊದಲು ಯೋಚಿಸಬೇಕಾಗಿದೆ.

ಹಾಗೆಂದು ಮಗನನ್ನೋ ಮಗಳನ್ನೋ ಗದ್ದೆಯಿಂದ ಎಳೆದು ತರಬೇಕೆಂದು ನಾವು ಹೇಳಲಾರೆವು. ಆಡಲಿ, ಜೊತೆಗೆ ಪದವಿಯೊಂದನ್ನೋ ಕೈಗೊಂದು ಕಸುಬನ್ನೋ ಕಲಿಯಲಿ. ಕರಾರಿಗೆ ಸಹಿ ಹಾಕುವ ದಿನ ಹಿರಿಯರೊಬ್ಬರು ಪಕ್ಕದಲ್ಲಿದ್ದು, ಗಾಯವಾದರೆ ಚಿಕಿತ್ಸೆಯ ಖರ್ಚು ಯಾರದು, ಸಂಬಳ ಎಷ್ಟು ಕಾಲ ಎಂದು ಓದಿ ನೋಡಲಿ. ಕ್ರೀಡಾ ಮೀಸಲಿನ ನೌಕರಿ ದೊರೆತರೆ ಹಾಜರಿಯ ನಿಯಮವೇನೆಂದು ಅಂದೇ ಕೇಳಿ ತಿಳಿಯಲಿ.

ಹುಣಿಯ ಮೇಲೆ ನಿಂತ ತಾಯಿಯ ಪ್ರಶ್ನೆ ಹಳತಾಗಿಲ್ಲ. ಅದನ್ನು ಆಟ ನಿಲ್ಲಿಸಲು ಕೇಳದೆ, ಮುಂದಿನ ದಾರಿಯನ್ನು ಮಗನೊಡನೆ ಕುಳಿತು ಲೆಕ್ಕಹಾಕಲು ಕೇಳಿದರೆ, ನಮ್ಮ ಗದ್ದೆಗಳಿಂದಲೂ ಇನ್ನಷ್ಟು ಮಕ್ಕಳು ನಿಶ್ಚಿಂತೆಯಿಂದ ಮೈದಾನಕ್ಕೆ ಇಳಿದಾರು.