ಮೊಬೈಲಿನಲ್ಲಿ ಒಕ್ಕಲುತನದ ಪಾಠ: ಹೊಸಬರು ವಿಡಿಯೊ ಮಾಡುವ ಬಗೆ



ಅಕ್ಕಲಕೋಟ ಮತ್ತು ದಕ್ಷಿಣ ಸೋಲಾಪುರ ತಾಲೂಕುಗಳ ನಮ್ಮ ಹಳ್ಳಿಗಳಲ್ಲಿ ಒಕ್ಕಲುತನದ ಸಂಗತಿಗಳನ್ನು ಮೊಬೈಲಿನಲ್ಲಿ ನೋಡಿ ತಿಳಿದುಕೊಳ್ಳುವದು ಈಗ ರೂಢಿಯಾಗಿದೆ. ಆದರೆ ಇದರಲ್ಲಿ ಒಂದು ತೊಡಕುಂಟು. ಕನ್ನಡದಲ್ಲಿ ಸಿಗುವ ವಿಡಿಯೊಗಳು ಬಹುತೇಕ ಕರ್ನಾಟಕದ ರೈತರಿಗಾಗಿ ಮಾಡಿದವು. ಪಹಣಿ ತೆಗೆದುಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿರಿ ಎಂದು ಅವು ಹೇಳುತ್ತವೆ. ನಮ್ಮ ಕೈಯಲ್ಲಿರುವದು ಸಾತ್‌ಬಾರಾ ಉತಾರ. ನಾವು ಅರ್ಜಿ ಹಾಕುವದು ಮಹಾಡಿಬಿಟಿಯಲ್ಲಿ. ಇನ್ನು ಇಲ್ಲಿಯ ಕೃಷಿ ಖಾತೆಯವರ ತಿಳಿವಳಿಕೆ ಬರುವದು ಮರಾಠಿಯಲ್ಲಿ. ಶಾಲೆ ಕಲಿತವರಿಗೆ ಅದರಿಂದ ಅಡ್ಡಿಯಿಲ್ಲ. ಆದರೆ ಹೊಲದಲ್ಲಿ ಕಸ ತೆಗೆಯುವ, ಬೀಜ ಹಸನು ಮಾಡುವ ನಮ್ಮ ತಾಯಂದಿರಲ್ಲಿ ಎಷ್ಟೋ ಜನರಿಗೆ ಅದು ಅರ್ಧ ತಿಳಿಯುತ್ತದೆ. ಔಷಧದ ಪ್ರಮಾಣವನ್ನು ಅರ್ಧ ತಿಳಿದುಕೊಂಡರೆ ಬೆಳೆಗೂ ಕೇಡು, ಕೈಗೂ ಕೇಡು. ಈ ಕೊರತೆಯನ್ನು ತುಂಬಲು ಹೊರಗಿನವರು ಬರಲಾರರು. ಇಲ್ಲಿಯ ಹೊಲದಲ್ಲಿ ದುಡಿಯುವ, ಇಲ್ಲಿಯ ಕನ್ನಡ ಆಡುವ ರೈತನೇ ವಿಡಿಯೊ ಮಾಡತಕ್ಕದ್ದು.

ಚಿತ್ರದ ಮೂಲಕ ರೈತರಿಗೆ ಪಾಠ ಹೇಳುವದು ನಮ್ಮ ಸೀಮೆಗೆ ಹೊಸದಲ್ಲ. 1975ರ ಆಗಸ್ಟದಿಂದ ಒಂದು ವರ್ಷ ಅಮೇರಿಕದ ಉಪಗ್ರಹವೊಂದರ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಜನ್ ಪಾಠಗಳನ್ನು ತೋರಿಸಿದರು. ನಮ್ಮ ಗಡಿಗೆ ಹತ್ತಿದ ವಿಜಾಪುರ, ಗುಲಬರ್ಗಾ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಅಲ್ಲಿ ಪಾಠ ಕನ್ನಡದಲ್ಲಿಯೇ ನಡೆಯಿತು. ಮುಂದೆ 2006ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಡಿಜಿಟಲ್ ಗ್ರೀನ್ ಎಂಬ ಪ್ರಯೋಗದವರು ಬೇರೆ ದಾರಿ ಹಿಡಿದರು. ಪಂಡಿತರ ಭಾಷಣದ ಬದಲು ಊರ ರೈತನೇ ಕೆಲಸ ಮಾಡಿ ತೋರಿಸುವ ಸಣ್ಣ ವಿಡಿಯೊಗಳನ್ನು ತೆಗೆದು, ರೈತರನ್ನು ಕೂಡಿಸಿ ತೋರಿಸಿದರು. ಕರ್ನಾಟಕದ 16 ಹಳ್ಳಿಗಳಲ್ಲಿ 13 ತಿಂಗಳು ಪರೀಕ್ಷಿಸಿದಾಗ, ಬರೇ ಬಾಯಿಮಾತಿನ ಪ್ರಚಾರಕ್ಕಿಂತ ಏಳು ಪಟ್ಟು ಹೆಚ್ಚು ಜನ ಹೊಸ ಪದ್ಧತಿಯನ್ನು ಕೈಗೊಂಡರೆಂದು ಕಂಡುಬಂದಿತು. ತನ್ನಂಥವನೇ ಮಾಡಿದ್ದನ್ನು ಕಣ್ಣಾರೆ ಕಂಡಾಗ ರೈತನಿಗೆ ನಂಬಿಗೆ ಹುಟ್ಟುತ್ತದೆ. ಆದದ್ದರಿಂದ ನನಗೆ ಶುದ್ಧ ಭಾಷೆ ಬರುವದಿಲ್ಲ, ಕ್ಯಾಮೆರಾ ಮುಂದೆ ನಿಲ್ಲಲು ಬರುವದಿಲ್ಲ ಎಂದು ಯಾರೂ ಹಿಂಜರಿಯಬೇಕಾಗಿಲ್ಲ.

ಶಿಕ್ಷಕರ ತರಬೇತಿಯಲ್ಲಿ ನಮಗೆ ಮೊದಲು ಕಲಿಸಿದ್ದು ಪಾಠದ ಟಿಪ್ಪಣಿ ಬರೆಯುವದನ್ನು. ಒಂದು ಪಾಠಕ್ಕೆ ಒಂದೇ ಉದ್ದೇಶ. ವಿಡಿಯೊಕ್ಕೂ ಅದೇ ಕಟ್ಟಳೆ. "ಹಿಂಗಾರಿ ಜೋಳದ ಬೇಸಾಯ" ಎಂಬದು ಹೊಸಬನಿಗೆ ಆಗದ ಹೊರೆ. "ಬಿತ್ತುವ ಮುಂಚೆ ಜೋಳದ ಬೀಜಕ್ಕೆ ಗಂಧಕ ಹಚ್ಚುವದು" ಎಂಬದು ಮೂರ್ನಾಲ್ಕು ನಿಮಿಷದಲ್ಲಿ ಮುಗಿಯುವ ಕೆಲಸ. ಅದನ್ನೇ ಉದಾಹರಣೆಗಾಗಿ ತೆಗೆದುಕೊಳ್ಳೋಣ.

ತಾಡಪತ್ರಿಯ ಮೇಲೆ ಮಾಲದಂಡಿ ಬೀಜ ಹರವಿದ್ದೀರಿ. ಮೊದಲು ನಿಮ್ಮ ಊರು, ಭೂಮಿಯ ಬಗೆ, ತಿಂಗಳು ಮತ್ತು ಇಸವಿ ಹೇಳಿರಿ. ವಿಡಿಯೊ ಹಲವು ವರ್ಷ ಉಳಿಯುವ ವಸ್ತು. ಇಸವಿ ಹೇಳದಿದ್ದರೆ ಮುಂದೆ ನೋಡುವವನಿಗೆ ಹಳೆಯದೋ ಹೊಸದೋ ತಿಳಿಯದು. ಬಳಿಕ ಕಾಡಿಗೆ ಹತ್ತಿದ ತೆನೆಯ ಚಿತ್ರವಿದ್ದರೆ ತೋರಿಸಿ, ಈ ರೋಗ ಬಾರದಿರಲೆಂದು ಮಾಡುವ ಉಪಾಯವಿದು ಎಂದು ಹೇಳಿರಿ. ಕಿಲೊ ಬೀಜಕ್ಕೆ 300 ಮೆಶ್ಶಿನ ಗಂಧಕದ ಪುಡಿ 4 ಗ್ರಾಮ್. ಎಕರೆಗೆ 4 ಕಿಲೊ ಬೀಜವಾದರೆ 16 ಗ್ರಾಮ್ ಪುಡಿ. ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ತಕ್ಕಡಿಯ ಮೇಲೆ ತೂಗಿ ತೋರಿಸಬೇಕು. "ಒಂದು ಚಿಟಿಕೆ", "ಒಂದು ಹಿಡಿ" ಎಂಬ ಮಾತು ಇಲ್ಲಿ ಬೇಡವೇ ಬೇಡ; ಹಿಡಿ ಒಬ್ಬೊಬ್ಬರದು ಒಂದೊಂದು ತರ. ಬಾಯಿಗೆ ಬಟ್ಟೆ, ಕೈಗೆ ಚೀಲ ಕಟ್ಟಿಕೊಂಡಿರುವದು ಚಿತ್ರದಲ್ಲಿ ಕಾಣಲಿ. ಹಚ್ಚಿ ಉಳಿದ ಬೀಜವನ್ನು ರೊಟ್ಟಿಗೆ ಬೀಸಬಾರದು, ದನಕ್ಕೆ ಹಾಕಬಾರದು ಎಂಬದನ್ನು ಮರೆಯದೆ ಹೇಳಬೇಕು. ಯಾವನೋ ನಿಮ್ಮನ್ನು ನಂಬಿ ಹಾಗೆಯೇ ಮಾಡುವವನಿದ್ದಾನೆ. ನಾವು ಸ್ವತಃ ಮಾಡದ ಔಷಧೋಪಚಾರವನ್ನು ಹೇಳಲೇ ಕೂಡದು. ದಾಳಿಂಬೆಯ ತೇಲ್ಯಾ ರೋಗದಂಥ ವಿಷಯವಿದ್ದರೆ ಕೇಗಾಂವದಲ್ಲಿರುವ ರಾಷ್ಟ್ರೀಯ ದಾಳಿಂಬೆ ಸಂಶೋಧನ ಕೇಂದ್ರದವರನ್ನು ಕೇಳಿ ಖಚಿತ ಮಾಡಿಕೊಂಡು ಹೇಳುವದು ಲೇಸು.

ಸಾಮಾನು ಕೊಳ್ಳುವ ಗಡಿಬಿಡಿ ಬೇಡ. ಕೈಯಲ್ಲಿರುವ ಮೊಬೈಲು ಸಾಕು. ಅದರ ಗಾಜನ್ನು ಧೋತರದ ಚುಂಗಿನಿಂದ ಒರೆಸಿಕೊಳ್ಳಿರಿ. ಮಸುಕು ಚಿತ್ರಕ್ಕೆ ಎಷ್ಟೋ ಸಲ ಬೆರಳಿನ ಜಿಡ್ಡೇ ಕಾರಣ. ನಡುವೆ ಕರೆ ಬಾರದಂತೆ ವಿಮಾನದ ಗುರುತನ್ನು ಒತ್ತಿಡಿರಿ. ಮೊಬೈಲನ್ನು ಅಡ್ಡ ಹಿಡಿಯಿರಿ. ಸೂರ್ಯ ಚಿತ್ರ ತೆಗೆಯುವವನ ಬೆನ್ನಿಗಿರಬೇಕು. ಮುಂಜಾನೆಯ ಬಿಸಿಲು ಉತ್ತಮ, ಮಟಮಟ ಮಧ್ಯಾಹ್ನ ಮುಖ ಕಪ್ಪಾಗುತ್ತದೆ. ಬೆರಳಿನಿಂದ ಚಿತ್ರವನ್ನು ಹಿಗ್ಗಿಸುವ ಬದಲು ಎರಡು ಹೆಜ್ಜೆ ಹತ್ತಿರ ಹೋಗಿರಿ. ಒಮ್ಮೆ ಇಡೀ ತಾಡಪತ್ರಿ, ಒಮ್ಮೆ ಮನುಷ್ಯ, ಒಮ್ಮೆ ಬರೇ ಕೈ ಮತ್ತು ಬೀಜ. ಪ್ರತಿಯೊಂದನ್ನೂ ಹತ್ತು ಎಣಿಸುವವರೆಗೆ ಅಲುಗಾಡದೆ ಹಿಡಿಯಬೇಕು. ಚಿತ್ರ ಒಂದು ನಿಮಿಷಕ್ಕೆ ನೂರು ಎಂಬಿಗೂ ಮೇಲೆ ಜಾಗ ತಿನ್ನಬಹುದು. ಮೊದಲೇ ಮೊಬೈಲಿನಲ್ಲಿ ತೆರವು ಮಾಡಿಕೊಳ್ಳಿರಿ.

ನೋಡುವವನು ಚಿತ್ರದ ದೋಷ ಸಹಿಸಿಯಾನು, ಕೇಳದ ಮಾತನ್ನು ಸಹಿಸಲಾರ. ಆಷಾಢದ ಗಾಳಿಯಲ್ಲಿ ಬಯಲಲ್ಲಿ ನಿಂತು ಮಾತಾಡಿದರೆ ಕೇಳುವದು ಬರೇ ಭರ್ರೆಂಬ ಸಪ್ಪಳ. ಗೋಡೆಯ ಮರೆಗೆ ನಿಲ್ಲಿರಿ. ಅಂಗಿಗೆ ಸಿಕ್ಕಿಸುವ ತಂತಿಯ ಮೈಕು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಹಣ ಹಾಕುವದಾದರೆ ಮೊದಲು ಇದಕ್ಕೆ ಹಾಕಿರಿ. ಇಲ್ಲವೆ ಚಿತ್ರವನ್ನಷ್ಟೇ ತೆಗೆದು, ರಾತ್ರಿ ಮನೆಯಲ್ಲಿ ಕುಳಿತು ಅದನ್ನು ನೋಡುತ್ತ ಮಾತನ್ನು ಕೂಡಿಸಬಹುದು. ಮಾತು ನಿಮ್ಮ ಊರಿನದೇ ಇರಲಿ. ಕುಂಟೆ, ಕೂರಿಗೆ, ಕಣ, ರಾಶಿ ಎಂದರೆ ನಮ್ಮವರಿಗೆ ತಿಳಿಯುವಷ್ಟು ಪುಸ್ತಕದ ಶಬ್ದ ತಿಳಿಯದು. ಕಾಗದಪತ್ರದ ಹೆಸರನ್ನು ಮಾತ್ರ ಕಚೇರಿಯಲ್ಲಿ ಕರೆಯುವಂತೆ ಮರಾಠಿಯಲ್ಲಿಯೇ ಹೇಳಬೇಕು. ಅಲ್ಲಿ ಪಹಣಿ ಎಂದು ಕೇಳಿದರೆ ಯಾರೂ ಕೊಡುವದಿಲ್ಲ.

ಯೂಟ್ಯೂಬಿನಲ್ಲಿ ಗೂಗಲ್ ಖಾತೆಯಿಂದ ವಾಹಿನಿ ತೆರೆಯಲು ಹಣ ಕೊಡಬೇಕಿಲ್ಲ. ವಿಡಿಯೊ ಏರಿಸುವಾಗ ಮೊದಲು "ಅನ್‌ಲಿಸ್ಟೆಡ್" ಎಂದಿಟ್ಟು ಅದರ ಕೊಂಡಿಯನ್ನು ಇಬ್ಬರು ಅನುಭವಿಕ ರೈತರಿಗೆ ಕಳಿಸಿರಿ. ಅವರು ತಪ್ಪಿಲ್ಲವೆಂದ ಮೇಲೆ ಸಾರ್ವಜನಿಕ ಮಾಡಿರಿ. ಒಮ್ಮೆ ಏರಿಸಿದ ವಿಡಿಯೊದ ಜಾಗದಲ್ಲಿ ತಿದ್ದಿದ ವಿಡಿಯೊ ಇಡಲು ಬರುವದಿಲ್ಲ, ಅಳಿಸಿ ಹೊಸದಾಗಿಯೇ ಹಾಕಬೇಕು. ಶಿರೋನಾಮದಲ್ಲಿ ಬೆಳೆ, ಕೆಲಸ, ತಾಲೂಕು ಮೂರೂ ಕನ್ನಡದಲ್ಲಿರಲಿ. ಸಿನೇಮಾ ಹಾಡು ಕೂಡಿಸಬೇಡಿರಿ. ಹಾಡಿನ ಒಡೆಯರು ಹಕ್ಕು ಕೇಳುತ್ತಾರೆ. ಗಂಧಕದ ವಿಡಿಯೊ ಉತ್ತರಿ ಮಳೆಯ ಹೊತ್ತಿಗೆ ಜನರ ಕೈಸೇರಬೇಕು. ಬಿತ್ತಿಗೆ ಮುಗಿದ ಮೇಲೆ ಅದು ಬರುವ ವರ್ಷದ ಪಾಠ. ಮೊಬೈಲಿಲ್ಲದ ಮನೆಯವರಿಗೆ ಒಂದು ಸಂಜೆ ಕಟ್ಟೆಯ ಮೇಲೆ ಕೂಡಿಸಿ ತೋರಿಸಿರಿ.

ಹಣದ ಮಾತನ್ನೂ ಹೇಳಿಬಿಡುತ್ತೇನೆ, ಏಕೆಂದರೆ ತರುಣರು ಮೊದಲು ಕೇಳುವದು ಅದನ್ನೇ. ಜಾಹೀರಾತಿನ ಪಾಲು ಬರಬೇಕಾದರೆ 1,000 ಚಂದಾದಾರರೂ 12 ತಿಂಗಳಲ್ಲಿ 4,000 ಗಂಟೆಯ ವೀಕ್ಷಣೆಯೂ ಬೇಕು. ಲೆಕ್ಕ ಹಾಕಿರಿ: ಮೂರು ನಿಮಿಷದ ವಿಡಿಯೊವನ್ನು ಪೂರ್ತಿಯಾಗಿ 80,000 ಸಲ ನೋಡಬೇಕು. ಉದ್ದ ಹಿಡಿದು ತೆಗೆದ ಸಣ್ಣ ಶಾರ್ಟ್ಸ್‌ಗಳಿಗೆ ಲೆಕ್ಕ ಬೇರೆ, 90 ದಿನಗಳಲ್ಲಿ ಒಂದು ಕೋಟಿ ವೀಕ್ಷಣೆ. ಎಮ್ಮೆ ಮಾರಿ ಕ್ಯಾಮೆರಾ ಕೊಳ್ಳುವ ಕಸುಬು ಇದಲ್ಲ. ಹಣ ಕೊಟ್ಟರೆ ಚಂದಾದಾರರನ್ನು ಕೂಡಿಸಿಕೊಡುತ್ತೇವೆ ಎನ್ನುವವರನ್ನು ದೂರವಿಡಿರಿ, ಓಟಿಪಿಯನ್ನು ಯಾರಿಗೂ ಹೇಳಬೇಡಿರಿ.

ಕೂಲಿಗೆ ಬಂದ ಹೆಣ್ಣುಮಕ್ಕಳ ಮುಖವನ್ನು ಅವರ ಒಪ್ಪಿಗೆಯಿಲ್ಲದೆ ತೆಗೆಯಕೂಡದು. ನೆರೆಯವನ ಹೊಲದ ಬಾಡಿದ ಬೆಳೆಯನ್ನು ತೋರಿಸಿ ನಗೆಯಾಡುವದೂ ಬೇಡ. ಬದುವಿನ ಜಗಳ ನಮಗೆ ಮೊದಲೇ ಸಾಕಷ್ಟಿವೆ. ತೆಗೆದ ಮೂಲ ಚಿತ್ರಗಳನ್ನು ಮಾತ್ರ ಬೇರೆ ಕಾರ್ಡಿನಲ್ಲಿ ಜೋಪಾನವಾಗಿಡಿರಿ. 2020ರ ಜೂನ್ 29ರಂದು ಸರಕಾರವು ಟಿಕ್‌ಟಾಕನ್ನು ನಿಲ್ಲಿಸಿದಾಗ, ಅದೊಂದರಲ್ಲಿಯೇ ತಮ್ಮ ಚಿತ್ರಗಳನ್ನಿಟ್ಟವರ ಕೈಯಲ್ಲಿ ಏನೂ ಉಳಿಯಲಿಲ್ಲ.