ತೆಳುಗಾಳಿಯ ಓಟಕ್ಕೆ ದೇಹ ಒಗ್ಗುವ ಬಗೆ

1968ರ ಅಕ್ಟೋಬರ್. ಮೆಕ್ಸಿಕೊ ನಗರದ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಟ ಮುಗಿಸಿದ ಆಸ್ಟ್ರೇಲಿಯದ ರಾನ್ ಕ್ಲಾರ್ಕ್ ಗುರಿಗೆರೆ ದಾಟುತ್ತಲೇ ಕುಸಿದು ಬಿದ್ದರು. ಅವರಿಗೆ ಆಮ್ಲಜನಕ ನೀಡಬೇಕಾಯಿತು. ಈ ದೂರದ ವಿಶ್ವದಾಖಲೆ, 27 ನಿಮಿಷ 39.4 ಸೆಕೆಂಡು, ಆಗ ಅವರ ಹೆಸರಿನಲ್ಲಿಯೇ ಇತ್ತು. ಅಂದು ಅವರಿಗೆ ದೊರೆತದ್ದು ಆರನೆಯ ಸ್ಥಾನ. ಚಿನ್ನ ಗೆದ್ದ ಕೀನ್ಯಾದ ನಫ್ತಾಲಿ ಟೆಮು ಕೂಡ 29 ನಿಮಿಷ 27 ಸೆಕೆಂಡು ತೆಗೆದುಕೊಂಡರು. ಬೆಳ್ಳಿ ಇಥಿಯೋಪಿಯದ ಮಾಮೊ ವೋಲ್ಡೆ ಅವರದಾಯಿತು. ಇಬ್ಬರೂ ಎತ್ತರದ ನಾಡಿನವರು.

ಅದೇ ಕ್ರೀಡಾಕೂಟದಲ್ಲಿ ಅಮೆರಿಕದ ಬಾಬ್ ಬೀಮನ್ 8.90 ಮೀಟರ್ ಉದ್ದ ಜಿಗಿದು ಹಿಂದಿನ ದಾಖಲೆಯನ್ನು 55 ಸೆಂಟಿಮೀಟರ್‌ಗಳಷ್ಟು ಮೀರಿಸಿದರು. ತೆಳುಗಾಳಿಯ ತಡೆ ಕಡಿಮೆ. ಕೆಲವೇ ಸೆಕೆಂಡುಗಳ ಸ್ಪರ್ಧೆಗೆ ಉಸಿರಿನ ಆಮ್ಲಜನಕದ ಹಂಗೂ ಅಷ್ಟಾಗಿಲ್ಲ. ಒಂದೇ ಗಾಳಿ ಒಬ್ಬರಿಗೆ ವರವಾಯಿತು, ಇನ್ನೊಬ್ಬರಿಗೆ ಶಾಪವಾಯಿತು.

ಮೆಕ್ಸಿಕೊ ನಗರ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ, ಹೆಚ್ಚುಕಡಿಮೆ ನಮ್ಮ ನೆರೆಯ ಊಟಿಯಷ್ಟೇ. ಅಲ್ಲಿನ ಗಾಳಿಯಲ್ಲಿಯೂ ಆಮ್ಲಜನಕದ ಪಾಲು ಶೇಕಡ 21ರ ಆಸುಪಾಸಿನಲ್ಲೇ ಇರುತ್ತದೆ. ಕುಗ್ಗುವುದು ಗಾಳಿಯ ಒತ್ತಡ, ಅದೂ ಸುಮಾರು ಕಾಲು ಭಾಗದಷ್ಟು. ಶ್ವಾಸಕೋಶದಿಂದ ರಕ್ತಕ್ಕೆ ಆಮ್ಲಜನಕವನ್ನು ದೂಡುವುದು ಈ ಒತ್ತಡವೇ.

ಕೊರತೆಯನ್ನು ಮೊದಲು ಗುರುತಿಸುವುದು ಕತ್ತಿನ ರಕ್ತನಾಳದ ಬಳಿಯಿರುವ ಪುಟ್ಟ ಸಂವೇದಕ. ಕೆಲವೇ ನಿಮಿಷಗಳಲ್ಲಿ ಉಸಿರಾಟ ಹೆಚ್ಚುತ್ತದೆ, ಎದೆಬಡಿತ ಏರುತ್ತದೆ. ಆದರೆ ಇದರಲ್ಲೊಂದು ತೊಡಕಿದೆ. ಹೆಚ್ಚು ಉಸಿರಾಡಿದಷ್ಟೂ ಇಂಗಾಲದ ಡೈಆಕ್ಸೈಡ್ ಹೊರಹೋಗಿ ರಕ್ತ ಕ್ಷಾರೀಯವಾಗುತ್ತದೆ. ಆಗ ಮಿದುಳು ಉಸಿರಾಟಕ್ಕೆ ಕಡಿವಾಣ ಹಾಕುತ್ತದೆ. ಮೂತ್ರಪಿಂಡಗಳು ಬೈಕಾರ್ಬೊನೇಟನ್ನು ಹೊರಹಾಕಿ ಸಮತೋಲ ತರಲು ಕೆಲವು ದಿನಗಳು ಬೇಕು. ಈ ನಡುವೆ ರಕ್ತದ ನೀರಿನಂಶ ಇಳಿದು, ಇದ್ದ ಕೆಂಪು ರಕ್ತಕಣಗಳೇ ಸಾಂದ್ರವಾಗುತ್ತವೆ. ಹೊಸ ಕಣಗಳ ತಯಾರಿಕೆ ನಿಧಾನದ ಕೆಲಸ. ಅದಕ್ಕೆ ಆಜ್ಞೆ ನೀಡುವ ಎರಿತ್ರೊಪೊಯೆಟಿನ್ ಎಂಬ ಹಾರ್ಮೋನು ಕೆಲವು ಗಂಟೆಗಳಲ್ಲೇ ಏರುತ್ತದೆಯಾದರೂ ಫಲ ಕಾಣಲು ವಾರಗಳು ಹಿಡಿಯುತ್ತವೆ. (ಸೈಕಲ್ ಪಂದ್ಯಗಳಿಗೆ ಮಸಿ ಬಳಿದ ಉದ್ದೀಪನ ಮದ್ದು ‘ಇಪಿಒ’ ಇದೇ ಹಾರ್ಮೋನಿನ ಕೃತಕ ರೂಪ.)

ಹಾಗೆಂದು ಬೆಟ್ಟದ ಮೇಲೆ ತರಬೇತಿ ಪಡೆದವರೆಲ್ಲ ವೇಗದ ಓಟಗಾರರಾಗುವುದಿಲ್ಲ. ಆಮ್ಲಜನಕ ಸಾಲದೆ ಅಲ್ಲಿ ಓಟದ ತೀವ್ರತೆಯೇ ತಗ್ಗುತ್ತದೆ, ಸ್ನಾಯುಗಳಿಗೆ ತಕ್ಕ ಶ್ರಮ ಸಿಗುವುದಿಲ್ಲ. ಬೆಂಜಮಿನ್ ಲೆವಿನ್ ಮತ್ತು ಜೇಮ್ಸ್ ಸ್ಟ್ರೇ-ಗುಂಡರ್ಸನ್ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 2,500 ಮೀಟರ್ ಎತ್ತರದಲ್ಲಿ ವಾಸಿಸಿ 1,250 ಮೀಟರ್‌ಗೆ ಇಳಿದು ಅಭ್ಯಾಸ ಮಾಡಿದವರಷ್ಟೇ ಬಯಲಿನ 5,000 ಮೀಟರ್ ಓಟದಲ್ಲಿ ಸ್ಪಷ್ಟ ಸುಧಾರಣೆ ತೋರಿದರು. ‘ಮೇಲೆ ವಾಸ, ಕೆಳಗೆ ಅಭ್ಯಾಸ’ ಎಂಬ ಸೂತ್ರ ಹುಟ್ಟಿದ್ದು ಹೀಗೆ.

ಇದು ಕ್ರೀಡಾಪಟುಗಳಿಗಷ್ಟೇ ಸಂಬಂಧಿಸಿದ ವಿಷಯವಲ್ಲ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ರಾತ್ರಿ ಮಲಗಿದವರು ಮರುದಿನ ವಿಮಾನದಲ್ಲಿ 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಇಳಿಯಬಹುದು. ಮೂತ್ರಪಿಂಡಗಳು ವಿಮಾನದ ವೇಳಾಪಟ್ಟಿ ನೋಡಿ ಕೆಲಸ ಮಾಡುವುದಿಲ್ಲ. 1962ರ ಯುದ್ಧದ ಕಾಲದಲ್ಲಿ ಬಯಲಿನಿಂದ ಅವಸರದಲ್ಲಿ ಹಿಮಾಲಯಕ್ಕೆ ಸಾಗಿಸಲ್ಪಟ್ಟ ಆರೋಗ್ಯವಂತ ಭಾರತೀಯ ಯೋಧರಲ್ಲಿಯೂ ಶ್ವಾಸಕೋಶಕ್ಕೆ ನೀರು ತುಂಬುವ ಕಾಯಿಲೆ ಕಾಣಿಸಿಕೊಂಡಿತು. ಸೇನಾ ವೈದ್ಯ ಇಂದರ್ ಸಿಂಗ್ ಮತ್ತು ಸಂಗಡಿಗರು 1960ರ ದಶಕದಲ್ಲಿ ಪ್ರಕಟಿಸಿದ ವರದಿಗಳು ಈ ಕುರಿತ ಮೊದಲ ದೊಡ್ಡ ದಾಖಲೆಗಳಲ್ಲಿ ಸೇರಿವೆ.

ಗಟ್ಟಿಮುಟ್ಟಾದ ಮೈಕಟ್ಟು ಇಲ್ಲಿ ರಕ್ಷಣೆಯಲ್ಲ. ಬದಲಿಗೆ ‘ನನಗೇನಾಗುತ್ತದೆ’ ಎಂದು ಮೊದಲ ದಿನವೇ ಓಡಲು ಹೊರಡುವ ಯುವಕರಿಗೇ ಅಪಾಯ ಹೆಚ್ಚು. ತಲುಪಿದ ಮೇಲೆ ಕನಿಷ್ಠ ಎರಡು ದಿನ ಶ್ರಮದ ಕೆಲಸ ಬೇಡ. ತಲೆನೋವು, ವಾಕರಿಕೆ ಇದ್ದರೆ ಇನ್ನೂ ಮೇಲೇರಬಾರದು. ಕುಳಿತಲ್ಲೇ ಏದುಸಿರು, ಬಿಡದ ಕೆಮ್ಮು ಅಥವಾ ನಡೆಯುವಾಗ ತೂರಾಟ ಕಂಡರೆ ಬೆಳಗಾಗಲೆಂದು ಕಾಯದೆ ಆಮ್ಲಜನಕ ಕೊಡಿಸಿ, ರೋಗಿಯನ್ನು ಕೆಳಗಿಳಿಸಬೇಕು.